ಬುಡಕ್ಕೆ ಹಚ್ಚುವ ಮದ್ದು

"ಕಡ್ದೆ!" ಎಂದು ಗರಗಸದವನು ಕೂಗಿದ. ಆ ಕೂಗಿಗೆ ಏಳು ಊರುಗಳ ಹಾಲು ಒಡೆದುಹೋಯಿತು, ಬೇಕಾದರೆ ಹೋಗಿ ವಿಚಾರಿಸಿ. "ಹಚ್ದೆ!" ಎಂದು ಪೊದೆಯಾಚೆಯಿಂದ ಉತ್ತರ ಬಂತು.

ಹುಲ್ಲುಗಾವಲನ್ನೇ ನುಂಗಿ ಕೂತಿದ್ದ ಹೊರದೇಶದ ಜಾಲಿ ಮರಗಳನ್ನು ತೆಗೆಯುವವರ ಪದ್ಧತಿ ಅದು. ಒಬ್ಬ ಕಡಿದು ಕೂಗಬೇಕು, ಇನ್ನೊಬ್ಬ ಆ ಬುಡಕ್ಕೆ ವಿಷದ ಮದ್ದು ಹಚ್ಚಿ ಓಗೊಡಬೇಕು. ಹಚ್ಚದೆ ಬಿಟ್ಟ ಬುಡ ಮತ್ತೆ ಚಿಗುರುತ್ತದೆ, ಪಟ್ಟ ಪಾಡೆಲ್ಲ ನೀರುಪಾಲು. ಬೆಳಗಿನಿಂದ ಅವನು ಅರ್ಧ ಭೂಮಂಡಲವನ್ನೇ ಬೋಳಿಸಿದ್ದ; ಒಂದು ಉತ್ತರವೂ ತಪ್ಪಿರಲಿಲ್ಲ.

ಅಷ್ಟರಲ್ಲಿ ಲಾರಿಯ ಕಡೆಯಿಂದ ಅವನ ಹೆಂಡತಿಯ ತಮ್ಮ ಕಣ್ಣುಜ್ಜುತ್ತ ಬಂದ. ಕೈಯಲ್ಲಿ ತುಂಬಿದ ಮದ್ದಿನ ಡಬ್ಬಿ, ಒಣ ಬ್ರಷ್ಷು. "ಬೈಬೇಡಿ ಭಾವ, ಬೆಳಗ್ಗೆಯಿಂದ ಅಲ್ಲೇ ನಿದ್ದೆ ಹತ್ಬಿಡ್ತು. ಒಂದಕ್ಕೂ ಹಚ್ಚಿಲ್ಲ."

"ಲೋ ಕುಂಭಕರ್ಣ! ಹಾಗಾದ್ರೆ ಇಷ್ಟು ಹೊತ್ತು ಓಗೊಡ್ತಿದ್ದೋನು ಯಾರೋ?"

"ಕಡ್ದೆ!" ಎಂದಿತು ಪೊದೆ, ಭಾವನದೇ ಗಂಟಲಿನಲ್ಲಿ. ಭಾವನ ಬಾಯಿ ಮಾತ್ರ ಮುಚ್ಚಿಯೇ ಇತ್ತು. ಕೂಗು ಕೇಳಿದ್ದೇ ತಡ, ಮೈದುನ ವರ್ಷಗಳ ಅಭ್ಯಾಸದಂತೆ ಬ್ರಷ್ಷು ಅದ್ದಿ, ಬಗ್ಗಿ, ಎದುರಿಗಿದ್ದ ಭಾವನ ಕಾಲಿಗೇ ಬಳಿದುಬಿಟ್ಟ.

"ಹಚ್ದೆ!" ಎಂದ.

ಭಾವ ಹೌಹಾರಿ ಹಿಂದೆ ಜಿಗಿಯಲು ನೋಡಿದ. ಬೇರಿಳಿದಿದ್ದ ಪಾದಗಳು ನೆಲ ಬಿಡಲಿಲ್ಲ.