ನೀಲಿ ಹೂವಿನ ಹೂಜಿ

ನೀಲಿ ಹೂವಿನ ಹೂಜಿಯಲ್ಲಿದ್ದ ಬಿಳಿ ವೈನನ್ನು ಒಡೀಲ್ ಸದ್ದಾಗದಂತೆ ಅಡುಗೆಮನೆಯ ಮೋರಿಗೆ ಸುರಿದಳು. ಹೊರಗೆ ಗಂಡ ಫರ್ನಾಂ ಬೀಗರನ್ನು ಎದುರುಗೊಳ್ಳುತ್ತಿದ್ದ. ಪೇಟೆಯಿಂದ ತಂದು ಬಟ್ಟೆಯ ರಾಶಿಯಲ್ಲಿ ಬಚ್ಚಿಟ್ಟಿದ್ದ ದುಬಾರಿ ರೀಸ್ಲಿಂಗ್ ವೈನು ಅದೇ ಹೂಜಿಗೆ ಬಿತ್ತು. ಖಾಲಿ ಬಾಟಲಿ ಮತ್ತೆ ಬಟ್ಟೆಯಡಿ ಸೇರಿತು.

ಮತ್ತೇನು ಮಾಡಬೇಕಿತ್ತು? ಬಂದವರು ತೆಯೋಬಾಲ್ಡ್ ಕ್ಲೇ, ಮಗಳು ಮತಿಲ್ಡಳನ್ನು ಮದುವೆಯಾಗುವ ಹುಡುಗನ ತಂದೆ. ಗುಡ್ಡದ ತುಂಬ ಬರೀ ರೀಸ್ಲಿಂಗ್ ದ್ರಾಕ್ಷಿ ಬೆಳೆಯುವವರು. ಫರ್ನಾಂನದೋ ಮಿಶ್ರಣ. ಸಿಲ್ವಾನರ್, ಪಿನೋ, ಮಸ್ಕಟ್ ದ್ರಾಕ್ಷಿ, ಉಳಿದದ್ದು ಬಳಿದದ್ದೆಲ್ಲ ಒಂದೇ ಪೀಪಾಯಿಗೆ. ಅಲ್ಸಾಸ್ ಸೀಮೆಯ ಮನೆಮನೆಯಲ್ಲೂ ಇರುವ ಬೆರಕೆ ವೈನು, ಎಡೆಲ್‌ಟ್ಸ್ವಿಕರ್. ಮನೆಯವರು ಕುಡಿದರೆ ಸರಿ, ಬೀಗರ ಮುಂದಿಟ್ಟರೆ ಮಾನ ಉಳಿಯುತ್ತದೆಯೇ?

ಬೆರೆಸುವ ಕೆಲಸವನ್ನೂ ಅವನು ಆಟ ಮಾಡಿಕೊಂಡಿದ್ದ. ದೊಡ್ಡ ಜ್ವರದಿಂದ ಎದ್ದಾಗಿನಿಂದ ಈ ಚಾಳಿ. ಪ್ರತಿ ವಸಂತದಲ್ಲೂ ಲೋಟವನ್ನು ಇವಳ ಕೈಗಿಟ್ಟು, "ಏನು ಕಮ್ಮಿಯಾಗಿದೆ ಹೇಳೇ" ಎನ್ನುವನು. "ಮಸ್ಕಟ್ ಸ್ವಲ್ಪ ಬೇಕು, ಇನ್ನೇನು" ಎಂದು ಇವಳು ಸಿಡುಕಿದರೆ, ನಗುತ್ತ ಅಷ್ಟೇ ಸುರಿಯುವನು. ಹೆಂಡತಿಯನ್ನು ರಮಿಸುವ ಚಂದ ನೋಡು ಎಂದುಕೊಳ್ಳುವಳು.

ಊಟದ ಕೋಣೆಗೆ ಬಂದವಳೇ ಮೂಗು ಮುಚ್ಚಿಕೊಂಡಳು. ಬೀಗರು ಇನ್ನೂ ಹೊಸ್ತಿಲಲ್ಲಿದ್ದರು. ಫರ್ನಾಂ ಒಲೆಗೆ ಬೆನ್ನು ಕೊಟ್ಟು ಹರಟುತ್ತಿದ್ದ, ಒಲೆಯೊಳಗೆ ಈರುಳ್ಳಿ ಟಾರ್ಟಿನ ಅಂಚು ಸೀದು ಕರಿಯಾಗುತ್ತಿತ್ತು.

"ಪಕ್ಕದಲ್ಲೇ ನಿಂತಿದ್ದೀರಲ್ರೀ! ಮೂಗಿಗೇನು ಬೀಗ ಹಾಕಿದ್ದೀರಾ?"

"ಬೀಗರು ಬಂದ್ರಲ್ಲ, ಅದಕ್ಕೇ ಬೀಗ!"

ಕ್ಲೇ ಹೊಟ್ಟೆ ಹಿಡಿದು ನಕ್ಕರು. ಮತಿಲ್ಡ್ ದನಿಗೂಡಿಸಿದಳು: "ಒಂದ್ಸಲ ಕಾರಲ್ಲಿ ಗಬ್ಬುನಾರೋ ಮುನ್‌ಸ್ಟರ್ ಚೀಸ್ ಮರೆತು, ನಾವೆಲ್ಲ ವಾಂತಿ ಮಾಡ್ಕೊಳ್ಳೋ ಹಾಗಾದ್ರೂ ಅಪ್ಪ ಹಾಡ್ಕೊಂಡು ಓಡಿಸ್ತಿದ್ದ."

ಹುಳಿ ಎಲೆಕೋಸು, ಹಂದಿಮಾಂಸದ ತಟ್ಟೆಗಳು ಬಂದವು. ಹೂಜಿಯಿಂದ ಮೊದಲ ಗುಟುಕು ಮನೆಯ ಯಜಮಾನನದು. ಗುಟ್ಟು ರಟ್ಟಾಯಿತೆಂದು ಒಡೀಲ್ ಅವನ ಮುಖವನ್ನೇ ನೋಡಿದಳು. ಫರ್ನಾಂ ಬಾಯಿ ಚಪ್ಪರಿಸಿದ.

"ನಮ್ಮದೇ ದ್ರಾಕ್ಷಿ, ಬೀಗರೇ. ಈ ಸಲ ಮಸ್ಕಟ್ ರುಚಿ ಸ್ವಲ್ಪ ಮುಂದಿದೆ."

ಒಡೀಲಳಿಗೆ ಹೋದ ಜೀವ ಬಂದಂತಾಯಿತು. ಎಷ್ಟಾದರೂ ಗಂಡ, ನಾಲ್ಕು ಜನರೆದುರು ಬಿಟ್ಟುಕೊಡಲಿಲ್ಲ.

ಕ್ಲೇ ಗುಟುಕರಿಸಿ ಹುಬ್ಬು ಗಂಟಿಕ್ಕಿದರು. "ಇದು ಬರೀ ರೀಸ್ಲಿಂಗ್! ಇದನ್ನ ಕುಡಿಯೋಕೆ ಇಲ್ಲಿಗೆ ಬರಬೇಕಿತ್ತಾ? ನಮ್ಮನೇಲಿ ಎಲೆಕೋಸಿಗೂ ಟಾರ್ಟಿಗೂ ನಿಮ್ಮ ಬೆರಕೆ ವೈನೇ ಆಗಬೇಕು. ರೀಸ್ಲಿಂಗ್ ಬೆಳೆಯೋನು ನೋಡಿ, ನಾಚಿಕೆಗೆ ಬೇರೆಯವರ ಹೆಸರಲ್ಲಿ ತರಿಸ್ತೀನಿ. ಇತ್ತೀಚಿನ ವರ್ಷಗಳಲ್ಲಂತೂ ಎಂಥಾ ಹದ! ಎಲ್ಲಿ ಅದು?"

ಒಡೀಲಳ ಕಿವಿಯವರೆಗೂ ಬಿಸಿಯೇರಿತು.

"ಮೋರಿಗೆ ಸುರಿದೆ. ನಿಮ್ಮೆದುರಿಗೆ ಇಡೋಕೆ ನಾಚಿಕೆಯಾಯ್ತು." ತಲೆ ಎತ್ತದೆ ಗಂಡನತ್ತ ತಿರುಗಿದಳು. "ನನ್ನ ಮಾನ ಉಳಿಸೋಕೆ ಸುಳ್ಳು ಹೇಳಿದ್ರಿ. ನಾನು ನಿಮ್ಮ ವೈನನ್ನ ಹೀಗೆ... ತಪ್ಪಾಯ್ತು ಕಣ್ರೀ."

ಫರ್ನಾಂ ಲೋಟ ಕೆಳಗಿಟ್ಟ. ಅವನ ಮುಖ ಅವಳ ಮುಖಕ್ಕಿಂತ ಕೆಂಪಾಗಿತ್ತು.

"ಸುಳ್ಳಲ್ಲ ಒಡೀಲ್, ನನಗೆ ಗೊತ್ತೇ ಆಗ್ಲಿಲ್ಲ. ಆ ಜ್ವರದ ಮೇಲೆ ವಾಸನೆ, ರುಚಿ ಎಲ್ಲ ಹೋಯ್ತು. ಹೇಳ್ಕೊಳ್ಳೋಕೆ ನಾಚಿಕೆಯಾಗಿ, ಪ್ರತಿ ಸಲ ನಿನ್ನನ್ನ ಕೇಳ್ಕೊಂಡು ಸುರೀತಿದ್ದೆ."

ಅವನು ಅಡುಗೆಮನೆಯ ಮೋರಿಯತ್ತ ನೋಡಿದ.

"ಅಲ್ಲಿ ಹರಿದುಹೋದದ್ದು ನಿನ್ನ ವೈನು ಕಣೇ."