ಅಡುಗೆಮನೆಯ ಮೇನ್ ಸ್ವಿಚ್

"ಬಂದ್ ಮಾಡೇನಿ, ಇನ್ನ ಕೈ ಹಚ್ಚು," ಎಂದು ಇಂದಿರಾಬಾಯಿ ಅಡುಗೆಮನೆಯೊಳಗಿಂದಲೇ ಕೂಗಿ ಹೇಳಿದರು.

ಪಡಸಾಲೆಯಲ್ಲಿದ್ದ ವೈರ್‌ಮನ್ ಶಟ್ಟೆಪ್ಪ ಕೈ ಹಚ್ಚಲಿಲ್ಲ. ಬೆಳಗಿನಿಂದ ಹೊಗೆಯಾಡುತ್ತಿದ್ದ ಸ್ವಿಚ್ಚಿನ ತಂತಿಗೆ ಟೆಸ್ಟರು ಹಿಡಿದ. ಅದು ಕೆಂಪಗೆ ಹೊತ್ತಿಕೊಂಡಿತು.

ಯಾವ ಪುಣ್ಯಾತ್ಮ ಕೂಡಿಸಿದ್ದನೋ, ಬೈಲಹೊಂಗಲದ ಆ ಮನೆಯ ಮೇನ್ ಸ್ವಿಚ್ಚು ಇದ್ದದ್ದು ಅಡುಗೆಮನೆಯಲ್ಲಿ. ಬೇರೆ ದಿನಗಳಲ್ಲೇ ಶಟ್ಟೆಪ್ಪನ ಕೇರಿಯವರು ಆ ಹೊಸ್ತಿಲು ದಾಟಿದ್ದಿಲ್ಲ. ಇವತ್ತಂತೂ ಇಂದಿರಾಬಾಯಿಯವರ ಮಾವನ ಶ್ರಾದ್ಧ, ಕೇಳುವುದೇ ಬೇಡ. ಒದ್ದೆ ಸೀರೆಯ ಮಡಿಯಲ್ಲಿದ್ದ ಅವರು, ಸೀರೆ ಒಣಹಾಕುವ ಕೋಲಿನಿಂದಲೇ ಮೇನಿನ ಹಿಡಿಕೆ ಕೆಳಗೆಳೆದಿದ್ದರು.

ಕರೆಂಟು ಇನ್ನೂ ಇದೆಯೆಂದು ಶಟ್ಟೆಪ್ಪ ಮೆಲ್ಲಗೆ ಹೇಳಿದ. ಇಂದಿರಾಬಾಯಿಗೆ ಸಿಟ್ಟು ನೆತ್ತಿಗೇರಿತು. ಮೂವತ್ತು ವರ್ಷದಲ್ಲಿ ಈ ಮನೆಯೊಳಗೆ ತಮ್ಮ ಮಾತು ಸುಳ್ಳೆಂದವರಿಲ್ಲ, ಕೆಟ್ಟಿದ್ದರೆ ಅವನ ಟೆಸ್ಟರೇ ಕೆಟ್ಟಿರಬೇಕು ಎಂದರು. ಆದರೂ ಕೋಲಿನಿಂದ ಮತ್ತೊಮ್ಮೆ ಜಗ್ಗಿದರು. ಟೆಸ್ಟರು ಮತ್ತೆ ಕೆಂಪಗಾಯಿತು.

"ಹಿಡಿಕಿ ಅಷ್ಟ ಕೆಳಗ ಬಂದೈತ್ರಿ ಬಾಯಾರ, ಒಳಗ ಕರೆಂಟ್ ಕಡದಿಲ್ಲ. ಅದರ ಬಾಜೂಕಿನ ಫ್ಯೂಜ್ ಕೈಲೆ ಕೀಳಬೇಕು. ನೀವು ಒದ್ದಿ ಸೀರ್ಯಾಗ ಅದೀರಿ, ಮುಟ್ಟಬ್ಯಾಡ್ರಿ."

ಮತ್ತ್ಯಾರು ಕೀಳಬೇಕು? ಉತ್ತರ ಇಬ್ಬರಿಗೂ ಗೊತ್ತಿತ್ತು. ಬ್ರಾಹ್ಮಣರು ಊಟಕ್ಕೆ ಬರುವ ಹೊತ್ತು ಬೇರೆ. ಸ್ವಿಚ್ಚು ಚಿರ್ರೆಂದು ಕಿಡಿ ಕಾರಿತು.

"ಇರಲಿ ಬಿಡ್ರಿ, ಚಾಲೂ ಇದ್ದಾಗನ ಮಾಡಿಬಿಡತೇನಿ," ಎಂದ ಶಟ್ಟೆಪ್ಪ. ಹೇಳುವುದೇನೋ ಹೇಳಿಬಿಟ್ಟ, ಆಮೇಲೆ ತನ್ನ ಕಾಲ ಕಡೆ ನೋಡಿಕೊಂಡ. ರಬ್ಬರು ಚಪ್ಪಲಿ ಮರ್ಯಾದೆಗೆಂದು ಅಂಗಳದಲ್ಲೇ ಬಿಟ್ಟಿದ್ದ. ಕಾಲಡಿಯ ನೆಲ ಈಗಷ್ಟೇ ಸಾರಿಸಿದ್ದು, ಇನ್ನೂ ಹಸಿ. ರೊಟ್ಟಿ ಬಡಿದಿಟ್ಟು ದಾರಿ ಕಾಯುವ ಹೆಂಡತಿ ಮರೆವ್ವ ನೆನಪಾದಳು. ಮನಸ್ಸಿನಲ್ಲೇ ಎಲ್ಲಮ್ಮನಿಗೆ ಕೈ ಮುಗಿದು ಸ್ಕ್ರೂಡ್ರೈವರ್ ಎತ್ತಿದ.

"ನಿಲ್ಲು."

ಇಂದಿರಾಬಾಯಿ ಹೊಸ್ತಿಲಿಗೆ ಬಂದು ನಿಂತಿದ್ದರು. ಅವನ ಬರಿಗಾಲು ನೋಡಿದರು, ಹಸಿ ನೆಲ ನೋಡಿದರು. ಆಮೇಲೆ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು.

"ಒಳಗ ಬಂದು ನೀನ ಕೀಳು. ನನ್ನ ಮಡಿ ಹೋದ್ರ ಎರಡು ಕೊಡ ನೀರಿಗೆ ತಿರುಗಿ ಬರ್ತದ. ನೀ ಹೋದ್ರ ತಿರುಗಿ ಬರ್ತೀಯೇನು?"