ಹಗ್ಗವಿಲ್ಲದ ತೊಟ್ಟಿಲು

ರಾತ್ರಿಯಾದರೆ ಸಮುದ್ರ ಮನೆಯೊಳಗೆ ಬರುವುದು ರೂಢಿಯಾದ ಮೇಲೆ ತೊಟ್ಟಿಲಿನ ಅಂಗಡಿಯಲ್ಲಿ ನೀರಿನ ಟ್ಯಾಂಕ್ ಇಟ್ಟಿದ್ದಾರೆ. ನಾಮಕರಣದ ದಿನ ಮಗುವಿಗಿಂತ ಮೊದಲು ತೊಟ್ಟಿಲಲ್ಲಿ ಮಲಗಿಸುವ ಗುಂಡುಕಲ್ಲನ್ನು ಮನೆಯಿಂದಲೇ ತಂದಿದ್ದಳು ವತ್ಸಲಾಳ ತಾಯಿ. ಕಲ್ಲು ಹೊತ್ತ ತೊಟ್ಟಿಲು ಟ್ಯಾಂಕಿನಲ್ಲಿ ತೇಲಿತು.

“ನನ್ನ ಮಂಚಕ್ಕೆ ಕಟ್ಟೋ ಹಗ್ಗ ಎಲ್ಲಿ? ಮಗು ಕೈಗೆ ಸಿಗಬೇಕಲ್ಲ,” ಎಂದಳು ವತ್ಸಲಾ.

“ಹಗ್ಗ ಈಗೀಗ ಕೊಡೋದಿಲ್ಲ ಅಕ್ಕ,” ಎಂದ ಅಂಗಡಿಯವನು. “ದೊಡ್ಡವರ ಮಂಚ ಎಷ್ಟು ದಿನ ತೇಲ್ತದೆ? ಮುಳುಗುವಾಗ ತೊಟ್ಟಿಲನ್ನೂ ಎಳ್ಕೊಂಡು ಹೋಗ್ತದೆ.”

ತಾಯಿ ಕಲ್ಲನ್ನೆತ್ತಿ ಸೆರಗಿನಿಂದ ಒರೆಸತೊಡಗಿದಳು.

“ಹಾಗಾದ್ರೆ ತೊಟ್ಟಿಲ ಮೇಲೆ ಹೆಸರು ಕೆತ್ತಿಕೊಡಿ,” ಎಂದಳು ವತ್ಸಲಾ. “ಸಿಕ್ಕಿದವರು ಮಗೂನ ಹೆಸರು ಹಿಡಿದು ಕರೀಲಿ.”

ನಾಮಕರಣ ಇನ್ನೂ ಆಗಿರಲಿಲ್ಲ. ಮಗುವಿನ ಕಿವಿಯಲ್ಲಿ ಮೊದಲು ಹೇಳಬೇಕಿದ್ದ ಹೆಸರನ್ನು ಅವಳು ಅಂಗಡಿಯವನಿಗೆ ಹೇಳಿದಳು.